ಪಾಳುಬಿದ್ದ ಗಣಿಯ ಛಾಯಾಚಿತ್ರಗಳಲ್ಲಿ ಕರುಣರಸವಿಚಾರ

ಕೋಲಾರದ ಚಿನ್ನದ ಗಣಿಗಳು ೨೦೦೧ನೆಯ ಇಸವಿ ಫೆಬ್ರವರಿ ೨೮ನೆಯ ತಾರೀಖು ಮುಚ್ಚಲ್ಪಟ್ಟುವು. ಅಲ್ಲಿಂದೀಚೆಗೆ ಆ ಸ್ಥಳದ ಛಾಯಾಚಿತ್ರಗಳು ಪತ್ರಿಕೆಗಳಲ್ಲಿಯೂ ಪ್ರದರ್ಶನಗಳಲ್ಲಿಯೂ ಎಡೆಬಿಡದೆ ಕಾಣಿಸಿಕೊಳ್ಳುತ್ತಿವೆ. ತುಕ್ಕು ಹಿಡಿದ ಉಕ್ಕಿನ ಗೋಪುರ, ಅದರ ತುದಿಯಲ್ಲಿ ನಿಂತುಹೋದ ಗಾಲಿ, ಸೂರು ಕುಸಿದ ಬಂಗಲೆ, ಮಳೆ ಕೊರೆದು ಸೀಳುಸೀಳಾದ ಸೈನೈಡ್ ಗುಡ್ಡೆ, ಇವುಗಳ ಮೇಲೆ ಸಂಜೆಯ ಕೆಂಬೆಳಕು. ಬಹುಮಟ್ಟಿಗೆ ಇಷ್ಟೇ ಇವುಗಳ ಸಾಮಗ್ರಿ. ಇವನ್ನು ನೋಡಿದವರು ಮನಸ್ಸು ಕರಗಿತೆಂದು ಹೇಳುವುದು ವಾಡಿಕೆ. ಹಾಗೆ ಕರಗುವುದು ಕರುಣರಸದಿಂದಲೇ, ಅಥವಾ ಕರುಣದಂತೆ ತೋರುವ ಬೇರೊಂದರಿಂದಲೇ ಎಂಬುದನ್ನು ನಮ್ಮ ಲಾಕ್ಷಣಿಕರ ಮತವನ್ನು ಅನುಸರಿಸಿ ವಿವೇಚಿಸುವುದು ಈ ಲೇಖನದ ಉದ್ದೇಶವಾಗಿದೆ. ಕಾವ್ಯನಾಟಕಗಳಿಗೆ ಹೇಳಿದ ಲಕ್ಷಣವನ್ನು ಯಂತ್ರದಿಂದಾದ ಚಿತ್ರಕ್ಕೆ ಹೊಂದಿಸಬಹುದೇ ಎಂದು ಕೆಲವರು ಶಂಕಿಸಬಹುದು. ರಸಸೂತ್ರವನ್ನು ವ್ಯಾಖ್ಯಾನಿಸುವಾಗ ಶ್ರೀಶಂಕುಕನೇ ಚಿತ್ರದ ಕುದುರೆಯನ್ನು ದೃಷ್ಟಾಂತವಾಗಿ ತಂದಿರುವುದರಿಂದ ಚಿತ್ರಕ್ಕೂ ರಸಕ್ಕೂ ನಡುವಣ ದಾರಿ ಹೊಸದಲ್ಲ.

ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡಾಗ ಕುದುರೆಯೆಂಬ ಜ್ಞಾನವುಂಟಾಗುತ್ತದೆ; ಅದು ಯಥಾರ್ಥಜ್ಞಾನವೂ ಅಲ್ಲ, ಭ್ರಮೆಯೂ ಅಲ್ಲ, ಸಂಶಯವೂ ಅಲ್ಲ, ಬರಿಯ ಸಾದೃಶ್ಯಬುದ್ಧಿಯೂ ಅಲ್ಲ ಎಂಬುದು ಶಂಕುಕನ ಅಭಿಪ್ರಾಯ. ಆ ಕುದುರೆ ಎಲ್ಲಿಯಾದರೂ ಇದ್ದಿತೇ ಎಂದು ಯಾರೂ ಕೇಳುವುದಿಲ್ಲ. ಛಾಯಾಚಿತ್ರದ ಸಂಗತಿ ಹಾಗಲ್ಲ. ವಸ್ತುವಿನಿಂದ ಹೊರಟ ಬೆಳಕೇ ಅಲ್ಲಿ ಚಿತ್ರವನ್ನು ಮೂಡಿಸುವುದರಿಂದ, ಆ ವಸ್ತು ಒಂದು ಕಾಲದಲ್ಲಿ ಯಂತ್ರದ ಎದುರಿಗೆ ಇದ್ದೇ ಇರಬೇಕು. (ಈಚೆಗೆ ಗಣಕಯಂತ್ರವು ತಾನೇ ಕಲ್ಪಿಸಿ ಬರೆಯುವ ಚಿತ್ರಗಳ ಮಾತು ಬೇರೆ, ಅವನ್ನು ಶಂಕುಕನ ಕುದುರೆಯ ಲಾಯದಲ್ಲಿಯೇ ಕಟ್ಟಬೇಕು.) ಆದಕಾರಣ ಛಾಯಾಚಿತ್ರವನ್ನು ಅನುಕೃತಿಯೆನ್ನುವುದಕ್ಕಿಂತ ನೈಯಾಯಿಕರ ಮಾತಿನಲ್ಲಿ ಲಿಂಗವೆನ್ನುವುದು ಹೆಚ್ಚು ಯುಕ್ತ. ಹೊಗೆ ಬೆಂಕಿಗೆ ಲಿಂಗವಾಗಿರುವಂತೆ ಚಿತ್ರವು ವಸ್ತುವಿಗೆ ಲಿಂಗ. ಆದರೆ ಯಾವ ವಸ್ತುವಿಗೆ ಎಂಬಲ್ಲಿ ತೊಡಕು ಹುಟ್ಟುತ್ತದೆ. ಗೋಪುರದ ಚಿತ್ರವು ಗೋಪುರವಿದ್ದಿತೆಂಬುದನ್ನು ಸಾಧಿಸಬಲ್ಲುದು. ಗಣಿಯನ್ನು ಸಾಧಿಸಬೇಕಾದರೆ ಗೋಪುರಕ್ಕೂ ಗಣಿಗೂ ಇರುವ ವ್ಯಾಪ್ತಿಯನ್ನು ನೋಡುವವನು ಮೊದಲೇ ತಿಳಿದಿರಬೇಕು. ಅಡಿಗೆಮನೆಯಲ್ಲಿ ಹೊಗೆಯನ್ನೂ ಬೆಂಕಿಯನ್ನೂ ಜತೆಯಾಗಿ ಕಾಣದವನಿಗೆ ಬೆಟ್ಟದ ಹೊಗೆ ಏನನ್ನೂ ತಿಳಿಸದು.

ಗಣಿಯೆಂಬುದು ನೆಲದ ಮೇಲಣ ಕಟ್ಟಡವಲ್ಲವಷ್ಟೆ. ೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕೈಹಾಕಿದ ಮೇಲೆ ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಎಂಬ ಹೆಸರಿನ ಗಣಿಗಳು ವರ್ಷದಿಂದ ವರ್ಷಕ್ಕೆ ಕೆಳಕ್ಕೆ ಇಳಿಯುತ್ತ ಹೋದುವು. ಚಾಂಪಿಯನ್ ರೀಫ್ ಗಣಿಯ ಆಳ ೩ ಕಿಲೋಮೀಟರನ್ನು ಮೀರಿದ್ದಿತು. ಅಷ್ಟು ಕೆಳಗೆ ಬಂಡೆಯ ಶಾಖವೇ ೬೦ ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚು. ಮೇಲಿನ ಭಾರವನ್ನು ತಾಳಲಾರದೆ ಬಂಡೆಗಳು ಒಮ್ಮೊಮ್ಮೆ ತಾವಾಗಿಯೇ ಸಿಡಿಯುತ್ತಿದ್ದುವು. ಆ ಅದಿರಾಟ ಮೇಲಿನ ಮನೆಗಳಿಗೂ ತಿಳಿಯುತ್ತಿದ್ದಿತು. ಕಲ್ಲಿನ ನುಣುಪಾದ ದೂಳು ಎದೆಗೂಡಿನಲ್ಲಿ ಕುಳಿತು ಹಲವರಿಗೆ ವಾಸಿಯಾಗದ ಶ್ವಾಸರೋಗವಾಯಿತು. ಬೇರೊಂದು ಸೋಜಿಗವೂ ಈ ಆಳದಲ್ಲಿಯೇ ನಡೆಯಿತು: ೧೯೬೫ರಲ್ಲಿ ವಿಜ್ಞಾನಿಗಳು ನ್ಯೂಟ್ರಿನೋ ಎಂಬ ಸೂಕ್ಷ್ಮಕಣಗಳ ಸುಳಿವನ್ನು ಇಲ್ಲಿಯೇ ಹಿಡಿದರು, ಮೇಲಿನ ನೆಲದ ದಪ್ಪವೇ ಇತರ ಕಿರಣಗಳನ್ನು ತಡೆಯುತ್ತಿದ್ದುದರಿಂದ. ಕೆಲಸ ನಿಂತು ನೀರೆತ್ತುವ ಯಂತ್ರಗಳೂ ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ನಿಜವಾದ ಗಣಿ ಈಗ ಕತ್ತಲೆಯಲ್ಲಿಯೂ ನೀರಿನಲ್ಲಿಯೂ ಮುಳುಗಿರುವುದು. ನಮಗೆ ಗಣಿಯ ಅವಶೇಷವೆಂದು ತೋರಿಸುವುದೆಲ್ಲ ಗಣಿಯ ಬಾಗಿಲಿನ ಅವಶೇಷ.

ಈ ಕೊರತೆ ಕೋಲಾರದ ಚಿತ್ರಗಳಿಗೆ ಮಾತ್ರ ಸೇರಿದುದಲ್ಲ. ದೊಡ್ಡ ಕಾರ್ಖಾನೆಯ ಛಾಯಾಚಿತ್ರವು ಆ ಸಂಸ್ಥೆಯ ವಿಷಯವಾಗಿ ಬಹಳ ಸ್ವಲ್ಪವನ್ನು ಮಾತ್ರ ಹೇಳಬಲ್ಲುದೆಂಬ ಜರ್ಮನಿಯ ನಾಟಕಕಾರ ಬ್ರೆಕ್ಟನ ಅಭಿಪ್ರಾಯವನ್ನು ವಾಲ್ಟರ್ ಬೆನ್ಯಮಿನ್ ತನ್ನ ೧೯೩೧ರ ಪ್ರಬಂಧದಲ್ಲಿ ಎತ್ತಿಕೊಂಡಿದ್ದಾನೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಅನುಮಾನಕ್ಕೆ ಶಬ್ದಪ್ರಮಾಣದ ಆಸರೆ ಬೇಕು. ಚಿತ್ರದ ಕೆಳಗೆ ಬರೆಯುವ ಒಂದೆರಡು ಸಾಲು ಆ ಕೆಲಸವನ್ನು ಮಾಡಬೇಕಾದುದು. ಆದರೆ ಆ ಸಾಲುಗಳಲ್ಲಿ ಸಾಮಾನ್ಯವಾಗಿ ಊರಿನ ಹೆಸರೂ ಇಸವಿಯೂ, ಬಹಳವಾದರೆ 'ಗತವೈಭವ' ಎಂಬ ಒಂದು ಪದವೂ ಇರುತ್ತವೆ. ವೈಭವ ಯಾರದು, ಗತಿಸಿದುದು ಯಾರಿಗೆ ಎಂಬ ಆಕಾಂಕ್ಷೆ ತೀರುವುದಿಲ್ಲ. ಆಕಾಂಕ್ಷೆ ತೀರದ ಪದಸಮೂಹವು ವಾಕ್ಯವಾಗದೆಂದು ಹುಡುಗರಿಗೆ ಪಾಠ ಹೇಳುವ ನಾವು ಚಿತ್ರಗಳ ಎದುರಿಗೆ ನಿಂತಾಗ ಅದನ್ನು ಮರೆಯುತ್ತೇವೆ.

ಗೋಪುರಕ್ಕಿಂತ ಉತ್ತಮವಾದ ಲಿಂಗವೊಂದು ಆ ಊರಿನಲ್ಲಿಯೇ ಉಂಟು. ಅದೇ ಸೈನೈಡ್ ಗುಡ್ಡೆ. ಅದಿರನ್ನು ಪುಡಿಮಾಡಿ ಸೈನೈಡ್ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಮಣ್ಣು ಇಂಥ ೧೩ ಗುಡ್ಡೆಗಳಾಗಿ ಬಿದ್ದಿದೆ. ಒಟ್ಟು ಸುಮಾರು ೩ ಕೋಟಿ ೩೦ ಲಕ್ಷ ಟನ್ನು ಎಂದು ಲೆಕ್ಕ. ಒಳಗಿನ ಟೊಳ್ಳಿಗೆ ಹೊರಗಿನ ಈ ರಾಶಿಯೇ ಅಳತೆಗೋಲು. ಇದು ಹೊರಮಗುಚಿದ ಗಣಿಯೇ ಸರಿ. ಆದರೆ ಚಿತ್ರಕಾರರು ಇದನ್ನು ಮರಳುಗಾಡಿನಂತೆ, ದಿಣ್ಣೆಯ ಏರಿಳಿತಗಳ ಬೆಡಗಿಗಾಗಿ ಮಾತ್ರ ತೆಗೆಯುವುದೇ ಹೆಚ್ಚು. ಗಾಳಿಯ ಕಾಲದಲ್ಲಿ ಇದರ ದೂಳು ಸುತ್ತಣ ಮನೆಗಳ ಮೇಲೆ ಬೀಳುವುದು ಅಂಥ ಚಿತ್ರದಿಂದ ತಿಳಿಯುವುದಿಲ್ಲ. ೨೦೧೮ರಲ್ಲಿ ತೆರೆಕಂಡ 'ಕೆ.ಜಿ.ಎಫ್.' ಎಂಬ ಚಲನಚಿತ್ರವು ಈ ಊರಿನ ಹೆಸರನ್ನು ದೇಶದಲ್ಲೆಲ್ಲ ಹಬ್ಬಿಸಿತು. ಅದರಲ್ಲಿ ಕಾಣುವ ಗಣಿ ಕವಿಕಲ್ಪಿತವಾದುದು. ಕಲ್ಪನೆಗೆ ನಮ್ಮ ಆಕ್ಷೇಪಣೆಯಿಲ್ಲ. ಆದರೆ ಆ ಚಲನಚಿತ್ರದ ಕಪ್ಪುಬೂದಿಯ ಬಣ್ಣವು ಈಚಿನ ಛಾಯಾಚಿತ್ರಗಳಿಗೂ ಹತ್ತಿಕೊಂಡಿರುವುದು ವಿಷಾದಕರ.

ಕರುಣವನ್ನು ಅಪೇಕ್ಷಿಸದೆಯೇ ಗಣಿಯ ಚಿತ್ರವನ್ನು ತೆಗೆಯಬಹುದೆಂಬುದಕ್ಕೆ ಜರ್ಮನಿಯ ಬೆರ್ನ್ಡ್ ಬೆಕರ್ ಮತ್ತು ಹಿಲ್ಲಾ ಬೆಕರ್ ದಂಪತಿಗಳು ಸಾಕ್ಷಿಯಾಗಿದ್ದಾರೆ. ಬೆರ್ನ್ಡರು ಮೊದಲು ತಮ್ಮ ಸೀಗನ್ ಪ್ರಾಂತದ ಗಣಿಯೊಂದನ್ನು ರೇಖಾಚಿತ್ರವಾಗಿ ಬರೆಯತೊಡಗಿದ್ದರು. ಬರೆದು ಮುಗಿಯುವುದಕ್ಕೆ ಮುಂಚೆಯೇ ಅದನ್ನು ಕೆಡವುತ್ತ ಬಂದುದರಿಂದ ಕ್ಯಾಮರಾವನ್ನು ಕೈಗೆ ತೆಗೆದುಕೊಂಡರು. ೧೯೫೯ರಿಂದ ದಂಪತಿಗಳು ಕೂಡಿ ಗಣಿಯ ಗೋಪುರಗಳು, ನೀರಿನ ಗೋಪುರಗಳು, ಕುಲುಮೆಗಳು ಮುಂತಾದುವನ್ನು ದಶಕಗಳ ಕಾಲ ತೆಗೆದರು. ಬಿಸಿಲೂ ಇಲ್ಲದ, ನೆರಳೂ ಬೀಳದ ಮೋಡದ ದಿನವನ್ನು ಕಾದು, ಒಂದೇ ಬಗೆಯ ವಸ್ತುಗಳನ್ನು ಒಂದೇ ಬಗೆಯಾಗಿ ತೆಗೆದು, ಸಾಲುಸಾಲಾಗಿ ಜೋಡಿಸುವುದು ಅವರ ಕ್ರಮ. ೧೯೯೦ರಲ್ಲಿ ವೆನಿಸ್ ನಗರದ ಕಲಾಪ್ರದರ್ಶನದಲ್ಲಿ ಅವರಿಗೆ ಬಂದ ಬಹುಮಾನವು ಶಿಲ್ಪಕ್ಕೆ ಮೀಸಲಾದುದು ಎಂಬುದು ಮನೋರಂಜಕವಾಗಿದೆ. ದಂಡಿಯು ಸ್ವಭಾವೋಕ್ತಿಯನ್ನು ಜಾತಿಯೆಂಬ ಇನ್ನೊಂದು ಹೆಸರಿನಿಂದಲೂ ಕರೆದಿದ್ದಾನೆ. ಬೆಕರ್ ದಂಪತಿಗಳ ಚಿತ್ರಗಳಿಗೆ ಇದಕ್ಕಿಂತ ಒಪ್ಪುವ ಹೆಸರು ನಮಗೆ ತಿಳಿಯದು: ಒಂದು ವ್ಯಕ್ತಿಯ ಗುಣವಲ್ಲ, ಜಾತಿಯ ಸ್ವರೂಪವೇ ಅಲ್ಲಿ ಪ್ರಕಟವಾಗುವುದು. ಅವುಗಳಲ್ಲಿಯೂ ಮನುಷ್ಯರಿಲ್ಲ. ಆದರೆ ನೋಡುವವನ ಕಣ್ಣೀರನ್ನು ಅವು ಬೇಡುವುದಿಲ್ಲವಾದುದರಿಂದ ಆ ಕೊರತೆ ದೋಷವೆನಿಸದು. ಕೋಲಾರದ ಗೋಪುರಗಳನ್ನು ಈ ಕ್ರಮದಿಂದ ಒಬ್ಬರು ತೆಗೆದಿಟ್ಟರೆ ಶಾಸ್ತ್ರಕ್ಕೆ ಉಪಕಾರವಾದೀತು. ಪ್ರಕೃತ ನಮ್ಮ ಮುಂದಿರುವ ಚಿತ್ರಗಳಿಗಾದರೋ ಸ್ವಭಾವೋಕ್ತಿಯಲ್ಲಿ ತೃಪ್ತಿಯಿಲ್ಲ. ಅವುಗಳಿಗೆ ರಸವೇ ಬೇಕು.

ರಸ ಬೇಕೆನ್ನುವವರು ಅಚ್ಚನ್ನು ಎಲ್ಲಿಂದ ತಂದರು? ಹಂಪೆಯಿಂದ ತಂದರೆಂದು ನಾವು ಊಹಿಸುತ್ತೇವೆ. ೧೮೫೬ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಕಾಗದದ ಮೇಲಣ ದೊಡ್ಡ ನೆಗೆಟಿವ್‌ಗಳಲ್ಲಿ ವಿಜಯನಗರದ ಕಟ್ಟಡಗಳನ್ನು ತೆಗೆದನು. ೧೯೮೩ರಲ್ಲಿ ಜಾನ್ ಗೊಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಚಿತ್ರಕಾರನು ಅವೇ ಸ್ಥಳಗಳಲ್ಲಿ ನಿಂತು ಮರಳಿ ತೆಗೆದನು. ನಮ್ಮ ಜನರ ಮನಸ್ಸಿನಲ್ಲಿ ಹಾಳೂರು ಎಂದರೆ ಹೇಗಿರಬೇಕೆಂಬುದನ್ನು ಇಂಥ ಚಿತ್ರಗಳೂ, ಹಂಪೆಗಾಗಿ ನಮ್ಮ ಕವಿಗಳೂ ನಾಟಕಕಾರರೂ ಸುರಿಸಿದ ಕಂಬನಿಯೂ ಕೂಡಿ ನಿಶ್ಚಯಿಸಿಬಿಟ್ಟಿವೆ. ಜನಶೂನ್ಯವಾದ ಮಂಟಪ, ಒಡೆದ ಕಂಬ, ಹಿನ್ನೆಲೆಯಲ್ಲಿ ಬಂಡೆ. ಹಂಪೆಯ ವಿಷಯದಲ್ಲಿ ಆಲಂಬನವಿಭಾವವು ೧೫೬೫ರಲ್ಲಿ ಕೆಟ್ಟ ರಾಜಧಾನಿ. ಅದರ ಅರಸರು ಮರಳಿ ಬರುವರೆಂದು ಯಾರೂ ಕಾಯುತ್ತಿಲ್ಲವಾದ ಕಾರಣ ಅಲ್ಲಿ ಶೋಕವು ಸ್ಥಾಯಿಯಾಗುವುದಕ್ಕೆ ಅಡ್ಡಿಯಿಲ್ಲ. ಹಾಗಿದ್ದರೂ ಆ ಹಾಳಿನಲ್ಲಿಯೂ ಸಂಸಾರಗಳು ಮನೆಮಾಡಿಕೊಂಡಿದ್ದುವು. ೨೦೧೧ರ ಜುಲೈ ತಿಂಗಳಲ್ಲಿ ವಿರೂಪಾಕ್ಷ ಬೀದಿಯ ಮನೆಗಳನ್ನು ಕೆಡವಿದಾಗ, ಒಂದು ಸ್ಥಳವನ್ನು ಅವಶೇಷವೆಂದು ನೋಡುವ ದೃಷ್ಟಿಗೆ ಅಲ್ಲಿ ಬದುಕುವವರು ಹೇಗೆ ಅಧಿಕಪ್ರಸಂಗಿಗಳಂತೆ ಕಾಣಿಸುವರೆಂಬುದು ಸ್ಪಷ್ಟವಾಯಿತು. ಹಂಪೆಯಲ್ಲಿ ಅರ್ಧ ಸಲ್ಲುವ ಈ ದೃಷ್ಟಿ ಕೋಲಾರದ ಗಣಿಯಲ್ಲಿ ಏನೇನೂ ಸಲ್ಲದೆಂಬುದೇ ನಮ್ಮ ವಾದ.

ಇದನ್ನು ಸ್ಥಾಪಿಸುವುದಕ್ಕೆ ಹಾಳೂರಿನ ವರ್ಣನೆಗಳಲ್ಲಿ ಅಗ್ರಗಣ್ಯವಾದ ರಘುವಂಶದ ಹದಿನಾರನೆಯ ಸರ್ಗವನ್ನು ವಾಚಕರು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಶ್ರೀರಾಮನ ತರುವಾಯ ಅಯೋಧ್ಯೆ ಬರಿದಾಗಿದೆ; ಕುಶನು ಕುಶಾವತಿಯಲ್ಲಿದ್ದಾನೆ. ನಡುರಾತ್ರಿಯಲ್ಲಿ ಒಬ್ಬ ಸ್ತ್ರೀ ಅವನ ಶಯನಗೃಹದಲ್ಲಿ ಕಾಣಿಸಿಕೊಂಡು ಊರಿನ ಅವಸ್ಥೆಯನ್ನು ಹೇಳುತ್ತಾಳೆ. ಗೋಡೆಯ ಚಿತ್ರದ ಆನೆಗಳನ್ನು ನಿಜವೆಂದು ಬಗೆದು ಸಿಂಹಗಳು ಉಗುರಿನಿಂದ ಸೀಳುತ್ತಿರುವುದು, ಕಂಬದ ಬೊಂಬೆಗಳಿಗೆ ಹಾವಿನ ಪೊರೆಯೇ ಮೇಲುದವಾಗಿರುವುದು, ರಾತ್ರಿ ದೀಪದ ಬೆಳಕೂ ಹಗಲು ಹೆಂಗಸರ ಮುಖಕಾಂತಿಯೂ ಇಲ್ಲದ ಗವಾಕ್ಷಗಳನ್ನು ಜೇಡನ ಬಲೆ ಮುಚ್ಚಿರುವುದು ಮೊದಲಾದ ವಿವರಗಳು ಯಾವ ಛಾಯಾಚಿತ್ರಕಾರನೂ ಆಸೆಪಡುವಂಥವು. ಆದರೆ ಗಮನಿಸಬೇಕಾದುದು ಎರಡು ಸಂಗತಿ. ಇದನ್ನು ಹೇಳುತ್ತಿರುವವಳು ದಾರಿಹೋಕಳಲ್ಲ, ಆ ನಗರದ ಅಧಿದೇವತೆಯೇ. ಅವಳು ಹೇಳುತ್ತಿರುವುದು ಅಳಿಸುವುದಕ್ಕಲ್ಲ, ಕುಶನು ಮರಳಿ ಬರಲೆಂದು ಕೇಳಿಕೊಳ್ಳುವುದಕ್ಕೆ. ಅವನು ಬರುತ್ತಾನೆ, ಶಿಲ್ಪಿಗಳು ಊರನ್ನು ಹೊಸದುಮಾಡುತ್ತಾರೆ. ಸಮಗ್ರ ವರ್ಣನೆಯೂ ಒಂದು ವಿಜ್ಞಾಪನೆಯ ಅಂಗ. ವಿಜ್ಞಾಪನೆಯನ್ನು ಕತ್ತರಿಸಿ ಜೇಡರಬಲೆಯನ್ನು ಮಾತ್ರ ಉಳಿಸಿಕೊಂಡರೆ ಕಾಳಿದಾಸನ ಅಭಿಪ್ರಾಯ ಉಳಿಯುವುದಿಲ್ಲ.

ಭರತಮುನಿಯು ಕರುಣಕ್ಕೂ ವಿಪ್ರಲಂಭಕ್ಕೂ ಇರುವ ಭೇದವನ್ನು ಎರಡು ಪದಗಳಲ್ಲಿ ತೋರಿಸಿದ್ದಾನೆ: ಕರುಣವು ನಿರಪೇಕ್ಷಭಾವ, ವಿಪ್ರಲಂಭವು ಸಾಪೇಕ್ಷಭಾವ. ಹೊರಗಿನ ಚಿಹ್ನೆಗಳು ಎರಡಕ್ಕೂ ಸಮಾನವಾಗಿರಬಹುದು. ಕಣ್ಣೀರು, ಕೃಶತೆ, ನಿಟ್ಟುಸಿರು ಎರಡರಲ್ಲಿಯೂ ಉಂಟು. ಕರುಣದಲ್ಲಿ ಆಸೆ ಕಡಿದುಹೋಗಿದೆ, ವಿಪ್ರಲಂಭದಲ್ಲಿ ಇನ್ನೂ ಇದೆ. ಗಣಿಯ ಪ್ರಸಂಗದಲ್ಲಿ ಶೃಂಗಾರವೆಲ್ಲಿಂದ ಬಂದಿತು ಎಂದು ವಿನೋದಮಾಡುವವರಿಗೆ ನಮ್ಮ ಸಮಾಧಾನವಿಷ್ಟೆ: ನಾವು ತೆಗೆದುಕೊಳ್ಳುತ್ತಿರುವುದು ಅಪೇಕ್ಷೆಯಿರುವುದು ಇಲ್ಲದಿರುವುದು ಎಂಬ ವಿಭಾಗನ್ಯಾಯವನ್ನು ಮಾತ್ರ, ರತಿಯನ್ನಲ್ಲ.

ಈಗ ಕೋಲಾರದ ಗಣಿಯ ಊರನ್ನು ನೋಡೋಣ. ೨೦೧೧ರ ಜನಗಣತಿಯಂತೆ ಆ ನಗರದಲ್ಲಿ ಒಂದೂವರೆ ಲಕ್ಷಕ್ಕೆ ಮೀರಿದ ಜನರಿದ್ದರು. ರಾಬರ್ಟ್‌ಸನ್‌ಪೇಟೆಯಲ್ಲಿ ಸಂತೆ ನಡೆಯುತ್ತದೆ. ಭೂಚಾಲನ ಯಂತ್ರಗಳನ್ನು ಮಾಡುವ ಸರಕಾರಿ ಕಾರ್ಖಾನೆಯೊಂದು ಅಲ್ಲಿಯೇ ಇದೆ. ಸಾವಿರಾರು ಮಂದಿ ನಸುಕಿನಲ್ಲಿಯೇ ಮಾರಿಕುಪ್ಪದ ರೈಲನ್ನು ಹಿಡಿದು ಬೆಂಗಳೂರಿಗೆ ಕೂಲಿಗೂ ನೌಕರಿಗೂ ಹೋಗಿ ರಾತ್ರಿ ಮರಳುತ್ತಾರೆ. ಇವರಲ್ಲಿ ಬಹುಮಂದಿ ಹಿಂದೆ ಉತ್ತರ ಆರ್ಕಾಡು, ಚಿತ್ತೂರು ಮುಂತಾದ ಜಿಲ್ಲೆಗಳಿಂದ ಗಣಿಯ ಕೆಲಸಕ್ಕೆ ಬಂದ ತಮಿಳು ತೆಲುಗು ಮಾತನಾಡುವವರ, ಅದರಲ್ಲಿಯೂ ದಲಿತ ಕುಲಗಳವರ, ಸಂತತಿಯವರು. ಗಣಿಯ ಕಾಲದ ಲೈನ್ ಮನೆಗಳಲ್ಲಿಯೇ ಎಷ್ಟೋ ಸಂಸಾರಗಳು ಈಗಲೂ ಇವೆ. ಬರಬೇಕಾದ ಬಾಕಿ, ಇರುವ ಮನೆಯ ಹಕ್ಕು, ಮಕ್ಕಳಿಗೆ ಉದ್ಯೋಗ ಎಂಬ ಅಪೇಕ್ಷೆಗಳು ಇವರಲ್ಲಿ ಸತ್ತಿಲ್ಲ. ಗಣಿ ತೆರೆಯುತ್ತದೆಂಬ ಸುದ್ದಿಯೂ ಆಗಾಗ ಮೇಲಿನಿಂದ ಕೇಳಿಬರುತ್ತಿರುತ್ತದೆ. ೨೦೨೪ರ ಜೂನ್ ತಿಂಗಳಲ್ಲಿ ಆ ಗುಡ್ಡೆಗಳ ಮಣ್ಣಿನಿಂದ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರಸರಕಾರದ ಸೂಚನೆಗೆ ರಾಜ್ಯದ ಮಂತ್ರಿಮಂಡಲ ಒಪ್ಪಿಗೆ ಕೊಟ್ಟಿತು. ಕಾದಂಬರಿಯಲ್ಲಿ ಪುಂಡರೀಕನು ಪ್ರಾಣಬಿಟ್ಟ ಮೇಲೆ ಮಹಾಶ್ವೇತೆಗೆ ಪುನಸ್ಸಮಾಗಮವಾಗುವುದೆಂದು ದಿವ್ಯವಾಣಿ ಕೇಳಿಸಿತಷ್ಟೆ. ಆ ವಾಣಿಗೆ ಮುಂಚೆ ಕರುಣ, ಅನಂತರ ವಿಪ್ರಲಂಭ ಎಂದು ಕೆಲವು ಲಾಕ್ಷಣಿಕರೂ, ಕರುಣವಿಪ್ರಲಂಭವೆಂದೇ ಬೇರೆಯ ಭೇದವೆಂದು ಸಾಹಿತ್ಯದರ್ಪಣಕಾರನೂ ಹೇಳುವರು. ಗಣಿಯ ಜನರ ಸ್ಥಿತಿಗೆ ಇದಕ್ಕಿಂತ ಹತ್ತಿರದ ದೃಷ್ಟಾಂತ ನಮಗೆ ಸಿಕ್ಕಿಲ್ಲ. ಒಂದು ವ್ಯತ್ಯಾಸವುಂಟು: ಮಹಾಶ್ವೇತೆಗೆ ಕೇಳಿಸಿದ ಮಾತು ಒಂದೇ ಸಲದ್ದು, ಅದು ನಿಜವೂ ಆಯಿತು.

ಆದಕಾರಣ ಈ ಊರನ್ನು ಜನರಿಲ್ಲದ ಚೌಕಟ್ಟಿನಲ್ಲಿ ಕೂಡಿಸಿ, ಮುಗಿದುಹೋದುದೆಂಬ ಬಣ್ಣದಲ್ಲಿ ತೋರಿಸುವ ಚಿತ್ರವು ಸಾಪೇಕ್ಷವಾದುದನ್ನು ನಿರಪೇಕ್ಷವೆಂದು ನಿರ್ಣಯಿಸಿಬಿಡುತ್ತದೆ. ಬದುಕಿರುವವನ ತಿಥಿ ಮಾಡಿದಂತೆ ಇದು. ಇಲ್ಲಿ ಉದ್ದೀಪನಸಾಮಗ್ರಿ, ಎಂದರೆ ತುಕ್ಕು ಪೊದೆ ಸಂಜೆ ಇವು, ಬೇಕಾದಷ್ಟಿದೆ, ಆಲಂಬನವಿಲ್ಲ. ಆಲಂಬನವಿಲ್ಲದ ಉದ್ದೀಪನದಿಂದ ಹುಟ್ಟುವುದು ರಸವಲ್ಲ, ಒಂದು ಬಗೆಯ ಇಂಪಾದ ಖಿನ್ನತೆ. ಅದು ನೋಡುವವನಿಗೆ ಹಿತವಾಗಿರುವುದಕ್ಕೆ ಕಾರಣವೂ ಅದೇ: ಯಾರಿಗಾಗಿ ದುಃಖಪಡಬೇಕೆಂಬುದು ಗೊತ್ತಿಲ್ಲವಾದುದರಿಂದ ಯಾರ ಋಣವೂ ಮೈಮೇಲೆ ಬರುವುದಿಲ್ಲ.

ಸಾಧಾರಣೀಕರಣದ ಹೆಸರಿನಲ್ಲಿ ಇದನ್ನು ಸಮರ್ಥಿಸುವವರುಂಟು. ವ್ಯಕ್ತಿಗಳನ್ನು ತೆಗೆದರೆ ತಾನೆ ದುಃಖವು ಎಲ್ಲರದೂ ಆಗುವುದು ಎಂಬುದು ಅವರ ಯುಕ್ತಿ. ಭಟ್ಟನಾಯಕನು ಹೇಳಿದ ಸಾಧಾರಣೀಕರಣವು ವಿಶೇಷವನ್ನು ಸಹೃದಯರೆಲ್ಲರಿಗೂ ಭೋಗ್ಯವಾಗಿ ಮಾಡುವ ವ್ಯಾಪಾರ. ವಿಶೇಷವನ್ನು ಅಳಿಸುವ ವ್ಯಾಪಾರವಲ್ಲ. ಸೀತೆಯ ದುಃಖ ನಮ್ಮದಾಗಬೇಕಾದರೆ ಸೀತೆ ರಂಗದ ಮೇಲೆ ಇರಲೇಬೇಕು. ಇನ್ನು, ಗಣಿ ಮತ್ತೆ ಹಿಂದಿನಂತೆ ನಡೆಯುವ ಸಂಭವವಿಲ್ಲ, ಜನರ ಆಸೆಯೇ ಭ್ರಾಂತಿ ಎಂದು ಮತ್ತೆ ಕೆಲವರು ಹೇಳಬಹುದು. ಅದಿರಿನಲ್ಲಿ ಚಿನ್ನದ ಅಂಶ ಕಡಮೆಯಾಗಿ ತೆಗೆಯುವ ಖರ್ಚು ಬೆಲೆಯನ್ನು ಮೀರಿದುದರಿಂದಲೇ ಅದು ಮುಚ್ಚಿತೆಂಬುದು ನಿಜ. ಆದರೆ ಅಪೇಕ್ಷೆ ಸಫಲವಾಗುವುದೋ ಇಲ್ಲವೋ ಎಂಬುದು ಅರ್ಥಶಾಸ್ತ್ರದ ವಿಷಯ. ಅಪೇಕ್ಷೆ ಉಂಟೋ ಇಲ್ಲವೋ ಎಂಬುದಷ್ಟೇ ರಸವಿಚಾರಕ್ಕೆ ಸೇರಿದುದು. ಜರ್ಮನಿಯ ಎಸ್ಸೆನ್ ನಗರದ ತ್ಸೋಲ್‌ಫೆರೈನ್ ಎಂಬ ಕಲ್ಲಿದ್ದಲ ಗಣಿ ೧೯೮೬ರಲ್ಲಿ ನಿಂತಿತು. ನಮ್ಮ ಗಣಿ ಮುಚ್ಚಿದ ೨೦೦೧ನೆಯ ವರ್ಷದಲ್ಲಿಯೇ ಅದು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಗಣಿಯಾಗಿ ಮರಳದೆಯೂ ಒಂದು ಗಣಿ ಬೇರೆ ರೂಪದಲ್ಲಿ ಮುಂದುವರಿಯಬಹುದು.

ಕ್ಯಾಮರಾದಿಂದ ಸಾಪೇಕ್ಷಭಾವವನ್ನು ಧ್ವನಿಸುವುದು ಅಸಾಧ್ಯವೇನಲ್ಲ. ಅಂಥ ಚಿತ್ರಗಳೂ ವಿರಳವಾಗಿ ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ಗೋಪುರ ಹಿಂದೆ ಎಲ್ಲಿಯೋ ಚಿಕ್ಕದಾಗಿ ನಿಂತಿರುತ್ತದೆ. ಮುಂದೆ ಲೈನ್ ಮನೆಯ ಹೊಸ್ತಿಲು, ಬೆಳಿಗ್ಗೆ ಇಟ್ಟ ರಂಗೋಲಿ, ಬಾಗಿಲಿಗೆ ಹೊಸದಾಗಿ ಬಳಿದ ಬಣ್ಣ ಕಾಣುತ್ತವೆ. ಬಣ್ಣ ಬಳಿದವರು ಇಲ್ಲಿಯೇ ಇರುವ ಮನಸ್ಸುಳ್ಳವರೆಂಬುದು ವಾಚ್ಯವಲ್ಲ, ವ್ಯಂಗ್ಯ. ಸಂಜೆಯ ಕೆಂಪಿಗಿಂತ ಬೆಳಗಿನ ಆರು ಗಂಟೆಯ ಸಪ್ಪೆ ಬೆಳಕು ಇಂಥ ಚಿತ್ರಗಳಿಗೆ ಒಪ್ಪುತ್ತದೆ. ಬೆಳಕಿನ ಮಾತು ಬಂದಾಗ ಇನ್ನೊಂದನ್ನೂ ಹೇಳಬೇಕು. ೧೯೦೨ರಲ್ಲಿ ಶಿವನಸಮುದ್ರದಿಂದ ೯೨ ಮೈಲಿಗಳ ದೂರ ತಂತಿ ಎಳೆದು ವಿದ್ಯುಚ್ಛಕ್ತಿಯನ್ನು ತಂದುದು ಈ ಗಣಿಗಳಿಗಾಗಿ. ಬೆಂಗಳೂರಿಗೆ ಅದು ಬಂದುದು ೧೯೦೫ರಲ್ಲಿ. ರಾತ್ರಿ ದೀಪ ಉರಿಯುತ್ತಿರುವ ಲೈನ್ ಮನೆಗಳ ಒಂದು ಚಿತ್ರ ಕಾಳಿದಾಸನ ಗವಾಕ್ಷಗಳಿಗೆ ಉತ್ತರವಾದೀತು. ನಾವು ನೋಡಿದ ಮಟ್ಟಿಗೆ ಅದನ್ನು ಯಾರೂ ತೆಗೆದಂತಿಲ್ಲ.

ಜನರನ್ನು ಚಿತ್ರಕ್ಕೆ ತರುವಲ್ಲಿಯೂ ಔಚಿತ್ಯವನ್ನು ನೋಡಬೇಕು. ಕೆಮ್ಮುವ ಮುದುಕನನ್ನು ಗಾಲಿಯ ಪಕ್ಕದಲ್ಲಿ ನಿಲ್ಲಿಸಿದರೆ ಆಲಂಬನ ಬಂದಂತಾಗಲಿಲ್ಲ. ಅವನೂ ತುಕ್ಕಿನ ಸಾಲಿಗೆ ಸೇರಿದನು. ೧೯೩೦ರಲ್ಲಿ ಗಣಿಯ ಕೆಲಸಗಾರರೆಲ್ಲರ ಬೆರಳಚ್ಚನ್ನು ತೆಗೆದು ದಾಖಲೆಮಾಡಬೇಕೆಂಬ ಏರ್ಪಾಡು ಹೊರಟಾಗ ಅವರು ಅದನ್ನು ಒಪ್ಪದೆ ಮುಷ್ಕರ ಹೂಡಿದ ಸಂಗತಿಯನ್ನು ಚರಿತ್ರಕಾರರು ಬರೆದಿದ್ದಾರೆ. ತಮ್ಮ ಮೈಯ ಗುರುತನ್ನು ಮತ್ತೊಬ್ಬರ ಕೈಗೆ ಕೊಡುವುದೆಂದರೇನೆಂದು ಆ ಜನಕ್ಕೆ ಚೆನ್ನಾಗಿ ಗೊತ್ತಿದ್ದಿತು. ಬೆರಳಚ್ಚಿನಂತೆ ಛಾಯಾಚಿತ್ರವೂ ಲಿಂಗವೇ ಎಂದು ಮೊದಲು ಹೇಳಿದೆವಷ್ಟೆ. ಆ ಕಾರಣದಿಂದ ಚಿತ್ರದಲ್ಲಿ ಬರುವವರ ಸಮ್ಮತಿಯೂ, ಅವರೇ ಹೇಳಿದ ನಾಲ್ಕು ಮಾತೂ ಚಿತ್ರದ ಕೆಳಗಿರುವುದು ಲೇಸು. ಅಯೋಧ್ಯೆಯ ಮಾತನ್ನು ಅಯೋಧ್ಯೆಯೇ ಆಡಿದಂತೆ. ಆ ಮಾತು ಕನ್ನಡದಲ್ಲಿಯೇ ಇರಬೇಕೆಂದೇನೂ ಇಲ್ಲ. ಅಲ್ಲಿಯ ಮನೆಗಳಲ್ಲಿ ತಮಿಳು ಹೆಚ್ಚು, ತೆಲುಗೂ ಉಂಟು. ಅವರು ಆಡಿದ ನುಡಿಯನ್ನು ಕನ್ನಡ ಲಿಪಿಯಲ್ಲಿ ಬರೆದು ಕೆಳಗೆ ಕನ್ನಡದ ಅರ್ಥವನ್ನು ಕೊಟ್ಟರೆ ಸಾಕು.